ಅಪ್ಪನ ಕಣ್ಣಿಗೆ ಹಿಂದೆ ಕಬ್ಬಿಣದ ಚೂರು ಬಿದ್ದಿತ್ತು, ಎಂಆರ್‌ಐಗೆ ಮುಂಚೆ ಹೇಳ್ಲೇಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪಂಗೆ 63 ವರ್ಷ, ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಲ್ಲಿ 30 ವರ್ಷ ಗ್ರೈಂಡಿಂಗ್, ವೆಲ್ಡಿಂಗ್ ಮಾಡ್ಕೊಂಡಿದ್ರು. ಈಗ ಸೊಂಟನೋವು ಕಾಲಿಗೆ ಇಳೀತಿದೆ ಅಂತ ಮೂಳೆ ಡಾಕ್ಟ್ರು ಎಂಆರ್‌ಐ ಬರೆದಿದಾರೆ, ಗುರುವಾರ ಸ್ಕ್ಯಾನ್. ಸೆಂಟರಲ್ಲಿ ಫಾರಂ ಕೊಟ್ರು, ಪೇಸ್‌ಮೇಕರ್ ಇದ್ಯಾ, ಆಪರೇಷನ್ ಆಗಿದ್ಯಾ, ಕಣ್ಣಿಗೆ ಯಾವತ್ತಾದ್ರೂ ಲೋಹದ ಚೂರು ಬಿದ್ದು ಏಟಾಗಿದ್ಯಾ ಅಂತೆಲ್ಲ. ಅಪ್ಪ ಎಲ್ಲಕ್ಕೂ "ಇಲ್ಲ" ಅಂತ ಟಿಕ್ ಹೊಡೆದು ಸೈನ್ ಹಾಕ್ಬಿಟ್ರು. ಆದ್ರೆ ನಾನು ಹೈಸ್ಕೂಲಲ್ಲಿದ್ದಾಗ ಒಂದಿನ ಎಡಗಣ್ಣು ಕೆಂಡದಂಗೆ ಮಾಡ್ಕೊಂಡು ಮನೆಗೆ ಬಂದಿದ್ದು ನಂಗೆ ಚೆನ್ನಾಗಿ ನೆನಪಿದೆ, ಜೊತೆಯವರು ಕರ್ಚೀಫಿನ ತುದಿ ತಿರುಚಿ ಚೂರು ತೆಗೆದ್ರಂತೆ, ಡಾಕ್ಟರ ಹತ್ರ ಹೋಗೇ ಇಲ್ಲ. ಈಗ ಕೇಳಿದ್ರೆ "ಗ್ರೈಂಡರ್ ಹಿಡಿಯೋರಿಗೆ ಅದೆಲ್ಲ ಮಾಮೂಲಿ ಕಣೋ, ಅದನ್ನೂ ಏಟು ಅಂತಾರಾ, ಸ್ಕ್ಯಾನ್ ಸೊಂಟಕ್ಕೆ ತಾನೇ" ಅಂತಾರೆ. ಏನ್ಮಾಡ್ಲಿ?

ಉತ್ತರ 1:
ಸರ್, ನಾನು ಎಂಆರ್‌ಐ ಟೆಕ್ನೀಷಿಯನ್. ಗುರುವಾರದವರೆಗೆ ಕಾಯ್ಬೇಡಿ, ಇವತ್ತೇ ಸೆಂಟರಿಗೆ ಫೋನ್ ಮಾಡಿ ಹೇಳಿ. ಸೊಂಟಕ್ಕೆ ಮಾತ್ರ ಅನ್ನೋದು ತಪ್ಪು ತಿಳುವಳಿಕೆ, ಎಂಆರ್‌ಐ ಮಶಿನ್ ಅಂದ್ರೆ ಒಂದು ಭಾರೀ ಮ್ಯಾಗ್ನೆಟ್, ಅದು ಯಾವಾಗ್ಲೂ ಆನ್ ಇರುತ್ತೆ, ಸ್ಕ್ಯಾನ್ ಶುರುವಾದಾಗ ಮಾತ್ರ ಅಲ್ಲ, ರೂಮಿಗೆ ಕಾಲಿಟ್ಟ ಇಡೀ ಮನುಷ್ಯನ ಮೇಲೂ ಅದರ ಎಳೆತ ಇರುತ್ತೆ. ತೋಳಲ್ಲೋ ತೊಡೇಲೋ ಹಳೇ ಚೂರಿದ್ರೆ ಸುತ್ತ ಗಾಯ ಮಾಗಿ ಹಿಡ್ಕೊಂಡಿರುತ್ತೆ, ಆದ್ರೆ ಕಣ್ಣಿನ ಒಳಗೆ ಆ ಥರ ಹಿಡಿತ ಇಲ್ಲ, ಹತ್ತಿರದಲ್ಲೇ ನರ, ರೆಟಿನಾ (ಕಣ್ಣಿನ ಹಿಂದಿನ ಪರದೆ). 1986ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಗಡಿನ ಕೆಲಸ ಮಾಡ್ತಿದ್ದ ಒಬ್ಬರ ಕೇಸ್ ಬಂತು, ಕಣ್ಣಲ್ಲಿ ಚೂರಿದೆ ಅಂತ ಅವರಿಗೇ ಗೊತ್ತಿರಲಿಲ್ಲ, ಸ್ಕ್ಯಾನಾದ್ಮೇಲೆ ಆ ಕಣ್ಣು ಹೋಯ್ತು. ಅದು 0.35 ಟೆಸ್ಲಾ (ಮ್ಯಾಗ್ನೆಟ್ಟಿನ ಶಕ್ತಿಯ ಅಳತೆ) ಮಶಿನ್, ಈಗ ನಮ್ಮಲ್ಲಿ 1.5, 3 ಟೆಸ್ಲಾ.

ಪರಿಹಾರ ಸುಲಭ. ಕಣ್ಣಿನ ಎಕ್ಸ್‌ರೇ ತೆಗೀತಾರೆ, ಮೇಲೆ ನೋಡೋದೊಂದು, ಕೆಳಗೆ ನೋಡೋದೊಂದು. ಬಿಳಿ ಚುಕ್ಕೆ ಕಂಡು, ಅದು ಕಣ್ಣಿನ ಜೊತೆ ಜಾಗ ಬದಲಾಯಿಸಿದ್ರೆ ಒಳಗಿದೆ ಅನ್ನೋ ಸುಳಿವು ಸಿಗುತ್ತೆ. ಡೌಟಿದ್ರೆ ಸಿಟಿ ಸ್ಕ್ಯಾನ್. ರೇಡಿಯಾಲಜಿಸ್ಟ್ (ಎಕ್ಸ್‌ರೇ, ಸ್ಕ್ಯಾನ್ ನೋಡೋ ಡಾಕ್ಟ್ರು) ಸರಿ ಅಂದ್ಮೇಲೇ ಒಳಗೆ ಕಳಿಸಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಾನೂ ಶೆಡ್ಡಲ್ಲಿ ಬೆಳೆದವನೇ, ನಮ್ಮೋರಿಗೆ "ಏಟಾಗಿದ್ಯಾ" ಅಂತ ಕೇಳ್ಬಾರ್ದು, "ಉಳಿ ಮೇಲೆ ಸುತ್ತಿಗೆ ಹೊಡೀವಾಗ, ಕಟಿಂಗ್ ವೀಲ್ ಓಡಿಸುವಾಗ ಕಣ್ಣಿಗೆ ಏನಾದ್ರೂ ಹಾರಿತ್ತಾ" ಅಂತ ಕೇಳಿ, ಆಗ ಒಂದೊಂದೇ ನೆನಪು ಬರುತ್ತೆ. ವೇಗವಾಗಿ ಬಂದ ಸಣ್ಣ ಚೂರು ಚುಚ್ಚಿದ್ದು ಗೊತ್ತಾಗದೇ ಒಳಗೆ ಹೋಗಿರಬಹುದು, ಕಣ್ಣು ಕಾಣ್ತಿದೆ ಅನ್ನೋದೊಂದೇ ಸಾಕ್ಷಿ ಅಲ್ಲ. ಆದ್ರೆ ಅಲ್ಯೂಮಿನಿಯಂ, ಹಿತ್ತಾಳೆ ಚೂರನ್ನ ಮ್ಯಾಗ್ನೆಟ್ ಎಳೆಯಲ್ಲ, ಕಬ್ಬಿಣ, ಮಾಮೂಲಿ ಸ್ಟೀಲೇ ಭಯ.

ಉತ್ತರ 3:
ನಮ್ಮದು ಮಲೆನಾಡು ಕಡೆ. ನಮ್ಮ ಚಿಕ್ಕಪ್ಪಂಗೆ ಹಂದಿ ಶಿಕಾರಿಲಿ ಹಾರಿದ ಬಂದೂಕಿನ ಚರೆ ತೊಡೇಲಿ ಉಳ್ಕೊಂಡಿತ್ತು, ಮುಜುಗರಕ್ಕೆ ಹೇಳಿರ್ಲಿಲ್ಲ. ಟೆಕ್ನೀಷಿಯನ್ ಹುಡುಗಿ ಮತ್ತೆ ಮತ್ತೆ ಕೇಳಿದ್ಮೇಲೆ ಬಾಯಿಬಿಟ್ರು, ಎಕ್ಸ್‌ರೇ ತೆಗೆದು ಡಾಕ್ಟ್ರು ನೋಡಿ ಒಪ್ಪಿದ್ಮೇಲೆ ಸ್ಕ್ಯಾನ್ ಆಯ್ತು. ಸೀಸದ ಚರೆಯನ್ನ ಮ್ಯಾಗ್ನೆಟ್ ಎಳೆಯಲ್ಲ, ಸ್ಟೀಲಿದ್ದಾದ್ರೆ ಎಳೆಯುತ್ತೆ, ಯಾವುದು ಅಂತ ನಾವು ಊಹೆ ಮಾಡೋಕಾಗಲ್ಲ. ಅಪ್ಪನ ಉಡಿದಾರದಲ್ಲಿ ತಾಯಿತ ಇದ್ರೆ ಅದನ್ನೂ ಬಿಚ್ಚಿಸಿ ಅಣ್ಣ, ದೇವರ ವಸ್ತು ಅಂತ ಎಷ್ಟೋ ಜನ ಬಟ್ಟೆ ಒಳಗೆ ಹಾಗೇ ಬಿಟ್ಟಿರ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುತ್ತಿಗೆ ಉಳಿ ಅಂತ ಕೇಳಿದ ತಕ್ಷಣ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಎರಡು ಸಲ, ಬಲಗಣ್ಣಿಗೂ ಒಂದು ಸಲ" ಅಂದ್ರು, ಆ ಬಲಗಣ್ಣಿಂದು ಅಮ್ಮಂಗೂ ಗೊತ್ತಿರ್ಲಿಲ್ಲ. ಸೆಂಟರಿಗೆ ಫೋನ್ ಮಾಡ್ದೆ, ಬೈಲಿಲ್ಲ, ಒಳ್ಳೇದಾಯ್ತು ಹೇಳಿದ್ದು ಅಂದ್ರು, ಹಳೇ ಫಾರಂ ಹರಿದು ಹೊಸದು ತುಂಬಿಸ್ತಾರಂತೆ. ನಾಳೆ ಬೆಳಿಗ್ಗೆ ಎರಡೂ ಕಣ್ಣಿಗೆ ಎಕ್ಸ್‌ರೇ, ಅದು ನೋಡಿದ್ಮೇಲೇ ಸ್ಕ್ಯಾನ್ ಡೇಟು.