ವಿಯೆಟ್ನಾಮಿನ ಹಳದಿ ಮಾಯ್ ಗಿಡ: ಎಲೆ ಸೊಂಪಾಗಿದೆ, ಹೂವಿಲ್ಲ. ಏನು ಮಾಡುವುದು?

ನೀರ್ಚಾಲಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ನೀರ್ಚಾಲು ಹತ್ತಿರ ಅಡಿಕೆ ತೋಟ. ತಂಗಿಯ ಮಗ ಹೋ ಚಿ ಮಿನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಹೊಸ ವರ್ಷ ಟೆಟ್ ಬಂದಾಗ ವಿಡಿಯೋ ಕಾಲ್ ಮಾಡಿ ಒಂದು ಗಿಡ ತೋರಿಸಿದ. ಹೆಸರಿಗೂ ಒಂದು ಎಲೆ ಇಲ್ಲ, ಗೆಲ್ಲು ಗೆಲ್ಲಿನಲ್ಲೂ ಹಳದಿ ಹೂ. ಅದು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಮಂಗಳೂರು ಕಡೆಯ ಒಂದು ನರ್ಸರಿಯಲ್ಲಿ ‘ವಿಯೆಟ್ನಾಂ ಮಾಯ್’ ಅಂತ ಚೀಟಿ ಹಚ್ಚಿದ ಗಿಡ ಕಂಡೆ. ಬಿಡಲು ಮನಸ್ಸಾಗಲಿಲ್ಲ, ತಂದುಬಿಟ್ಟೆ.

ಈಗ ಗಿಡ ನನ್ನ ಎದೆ ಎತ್ತರ ಇದೆ. ತೋಟದ ಬದಿಯಲ್ಲಿ, ನೀರಿನ ಟಾಂಕಿಯ ಹತ್ತಿರ ನೆಲದಲ್ಲೇ ನೆಟ್ಟಿದ್ದೇನೆ. ಎಲೆ ನೋಡಿದರೆ ಖುಷಿಯಾಗುತ್ತದೆ. ಹೂ ಮಾತ್ರ ಮಾರ್ಚಿನಲ್ಲಿ ಇಲ್ಲೊಂದು, ಏಪ್ರಿಲಿನಲ್ಲಿ ಅಲ್ಲೊಂದು. ಅದೂ ಎಲೆಯೊಳಗೆ ಅಡಗಿರುತ್ತದೆ. ಹಟ್ಟಿ ಗೊಬ್ಬರ ಹಾಕುತ್ತೇನೆ. ಅಡಿಕೆಗೆ ಹಾಕುವಾಗ ಇದಕ್ಕೂ ಒಂದು ಹಿಡಿ ಯೂರಿಯಾ ಕೊಡುತ್ತೇನೆ. ಸ್ಪ್ರಿಂಕ್ಲರ್ ನೀರು ಹೇಗೂ ಬೀಳುತ್ತದೆ. ನಮ್ಮವರು ‘ಕಡಿದು ಹಾಕು, ಆ ಜಾಗದಲ್ಲಿ ಒಳ್ಳೆಮೆಣಸು ಇಟ್ಟರೆ ಏನಾದರೂ ಬಂದೀತು’ ಅನ್ನುತ್ತಾರೆ.

ಹಬ್ಬಕ್ಕೆ ಸರಿಯಾಗಿ ಅರಳಲಿ ಅಂತ ಅಲ್ಲಿ ಎಲೆ ಪೂರ್ತಿ ಕೀಳುತ್ತಾರಂತೆ, ಹೌದಾ? ಹಾಗೆ ಮಾಡಿದರೆ ಗಿಡ ಸಾಯುವುದಿಲ್ವಾ? ಇನ್ನೊಂದು ವಿಷಯ. ತಂಗಿಯ ಮಗ ಮುಂದಿನ ಸಲ ಬರುವಾಗ ಬೀಜ ತರುತ್ತೇನೆ ಅಂದಿದ್ದಾನೆ. ತರಲು ಹೇಳಲಾ?

ಉಪ್ಪಳದ ಕೈತೋಟ:

ಅಕ್ಕ, ಮೊದಲು ಗಿಡ ಯಾವುದು ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ನರ್ಸರಿಗಳಲ್ಲಿ ‘ಮಿಕ್ಕಿ ಮೌಸ್’ ಗಿಡ ಅಂತ ಮಾರುತ್ತಾರಲ್ಲ, ಅದೂ ಹಳದಿ ಹೂವಿನದ್ದೇ. ಹೂ ಉದುರಿದ ಮೇಲೆ ಕೆಂಪು ಪುಷ್ಪಪಾತ್ರೆಯ (ಎಸಳಿನ ಅಡಿಯಲ್ಲಿರುವ ಹೊರ ಎಸಳುಗಳ) ಮೇಲೆ ಕಪ್ಪು ಕಾಯಿ ಕೂರುತ್ತದೆ. ಅದು ಆಫ್ರಿಕಾ ಮೂಲದ ಓಕ್ನಾ. ನಿಮಗೆ ಬೇಕಾದದ್ದು ಓಕ್ನಾ ಇಂಟಿಜೆರಿಮಾ. ಕುಟುಂಬ ಒಂದೇ, ಸ್ವಭಾವ ಬೇರೆ. ಮಿಕ್ಕಿ ಮೌಸ್ ವರ್ಷವಿಡೀ ಸ್ವಲ್ಪ ಸ್ವಲ್ಪ ಹೂ ಬಿಡುತ್ತದೆ. ನಿಮ್ಮದು ಅದೇ ಆಗಿದ್ದರೆ ಎಲೆ ಕಿತ್ತು ಪ್ರಯೋಜನ ಇಲ್ಲ. ಒಂದು ಫೋಟೋ ಹಾಕಿ.

ಮುಳ್ಳೇರಿಯದ ಗೇರುಬೀಜ:

ಉಪ್ಪಳದವರು ಹೇಳಿದ್ದು ಸರಿ. ಆ ವರ್ಷವಿಡೀ ಹೂ ಬಿಡುವ ಗಿಡವನ್ನು ವಿಯೆಟ್ನಾಮಿನಲ್ಲೂ ಸಾಕುತ್ತಾರೆ. ‘ಮಾಯ್ ತು ಕ್ವಿ’ ಅನ್ನುತ್ತಾರೆ, ನಾಲ್ಕೂ ಕಾಲದ ಮಾಯ್ ಅಂತ. ಎಲೆ ದಪ್ಪ, ಗಡಸು, ಅಂಚಿನಲ್ಲಿ ಗರಗಸದ ಹಲ್ಲು. ಹಬ್ಬದ ಮಾಯ್‌ನ ಎಲೆ ಅದಕ್ಕಿಂತ ತೆಳು, ಹೊಸ ಚಿಗುರು ಕೆಂಪು ಛಾಯೆಯದ್ದು. ಬರೀ ಕೆಂಪು ಪುಷ್ಪಪಾತ್ರೆ ನೋಡಿ ತೀರ್ಮಾನ ಮಾಡಬೇಡಿ, ಕಾಯಿ ಕಟ್ಟುವಾಗ ಎರಡರದ್ದೂ ಕೆಂಪಾಗುತ್ತದೆ.

ನಾನು ಗೇರುಬೀಜದ ಕಂಪೆನಿಯ ಕೆಲಸಕ್ಕೆ ಬಿನ್ ಫುವೊಕ್‌ನಲ್ಲಿ ಕೆಲವು ವರ್ಷ ಇದ್ದವನು. ವಿಯೆಟ್ನಾಮಿನಲ್ಲಿ ಗೇರು ಅಂದರೆ ಆ ಊರೇ. ಬಾಡಿಗೆ ಮನೆಯ ಯಜಮಾನರ ಅಂಗಳದಲ್ಲಿ ಮಾಯ್ ಚಟ್ಟಿಗಳ ಸಾಲಿತ್ತು. ವರ್ಷವಿಡೀ ಅವರ ಕೆಲಸ ನೋಡಿ ಕಲಿತದ್ದು ಇದು.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಅಕ್ಕ. ಸ್ಪ್ರಿಂಕ್ಲರ್, ಯೂರಿಯಾ, ತೋಟದ ನೆರಳು. ಮೂರೂ ಅಡಿಕೆ ತೋಟದ ಸುಖ. ಆ ಸುಖ ಸಿಕ್ಕರೆ ಮಾಯ್‌ಗೆ ಹೂ ಬಿಡುವ ಅಗತ್ಯವೇ ಕಾಣುವುದಿಲ್ಲ. ಇದು ಒಣಗಾಲದಲ್ಲಿ ಎಲೆ ಉದುರಿಸಿ ಬರಿ ಗೆಲ್ಲಿನಲ್ಲಿ ಅರಳುವ ಜಾತಿ. ಡಿಸೆಂಬರಿನಿಂದ ನೀರು ಕಡಿಮೆಯಾಗಬೇಕು, ಬಿಸಿಲು ಮೈಮೇಲೆ ಬೀಳಬೇಕು. ನೀವು ಆ ಹೊತ್ತಿಗೇ ಸ್ಪ್ರಿಂಕ್ಲರ್ ಶುರು ಮಾಡುತ್ತೀರಿ. ಮಳೆಗಾಲ ಮುಗಿದೇ ಇಲ್ಲ ಅಂತ ಗಿಡ ಅಂದುಕೊಳ್ಳುತ್ತದೆ. ಯೂರಿಯಾ ಬೇರೆ, ಎಲೆ ಬಿಡು ಎಲೆ ಬಿಡು ಅಂತ ಬೆನ್ನು ತಟ್ಟುತ್ತದೆ.

ಹವೆಯ ಬಗ್ಗೆ ಚಿಂತೆ ಬೇಡ. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರದಲ್ಲಿ, ಹೋ ಚಿ ಮಿನ್ ನಗರ 10.8ರಲ್ಲಿ. ಮಾಯ್ ಬೋನ್ಸಾಯ್‌ಗೆ ಹೆಸರಾದ ಬಿನ್ ದಿನ್ ಕಡೆಯ ಆನ್ ನ್ಯೋನ್ ಇನ್ನೂ ಸ್ವಲ್ಪ ಉತ್ತರಕ್ಕೆ, 14ರ ಹತ್ತಿರ. ನಾವು ನಡುವೆ. ಜನವರಿಯ ಬಿಸಿಲು, ರಾತ್ರಿಯ ತಂಪು ಹೆಚ್ಚುಕಡಿಮೆ ಒಂದೇ. ಹನೋಯ್ ಕಡೆ ಚಳಿ ಜಾಸ್ತಿ, ಅಲ್ಲಿ ಟೆಟ್‌ಗೆ ಪೀಚ್ ಹೂ ಇಡುತ್ತಾರೆ. ಮಾಯ್ ದಕ್ಷಿಣದವರ ಹೂ. ನಮಗೂ ಅವರಿಗೂ ದೊಡ್ಡ ವ್ಯತ್ಯಾಸ ಮಳೆಯಲ್ಲಿ. ಹೋ ಚಿ ಮಿನ್ ನಗರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿನ ಆಸುಪಾಸು, ನಮಗೆ 3000 ದಾಟುತ್ತದೆ. ಅದರ ಕತೆ ಆಮೇಲೆ.

ಇನ್ನು ಎಲೆ ಕೀಳುವುದು. ಹೌದು, ಪೂರ್ತಿ ಕೀಳುತ್ತಾರೆ. ಗಿಡ ಗಟ್ಟಿಯಾಗಿದ್ದರೆ ಸಾಯುವುದಿಲ್ಲ. ಬಲಿತ ಎಲೆ ಇರುವವರೆಗೆ ಅದರ ಕಂಕುಳಲ್ಲಿರುವ ಮೊಗ್ಗು ಮಲಗಿಯೇ ಇರುತ್ತದೆ, ಎಲೆ ಹೋದರೆ ಎದ್ದೇಳುತ್ತದೆ. ದಿನದ ಲೆಕ್ಕ ಅಡಿಕೆಯವರಿಗೆ ಕಷ್ಟ ಅಲ್ಲ. ಟೆಟ್ ಬರುವುದು ಅಮಾವಾಸ್ಯೆಗೆ, ಜನವರಿ 21ರಿಂದ ಫೆಬ್ರವರಿ 20ರ ಒಳಗೆ. 2026ರಲ್ಲಿ ಫೆಬ್ರವರಿ 17ಕ್ಕೆ ಬಂತು, ಶಿವರಾತ್ರಿ ಕಳೆದು ಎರಡು ದಿನಕ್ಕೆ. 2027ರಲ್ಲಿ ಫೆಬ್ರವರಿ 6. ಅದರ ಹಿಂದಿನ ಹುಣ್ಣಿಮೆ ಜನವರಿ 22. ಎಲೆ ಕೀಳುವ ದಿನ ಆ ಹುಣ್ಣಿಮೆಯ ಆಚೀಚೆ.

ಆದರೆ ಪಂಚಾಂಗಕ್ಕಿಂತ ಮೊದಲು ಮೊಗ್ಗು ನೋಡಬೇಕು. ಯಜಮಾನರು ಕನ್ನಡಕ ಹಾಕಿಕೊಂಡು ಗೆಲ್ಲು ಗೆಲ್ಲು ತಿರುಗಿಸಿ ನೋಡುತ್ತಿದ್ದರು. ಮೊಗ್ಗು ಇನ್ನೂ ಸಣ್ಣದಿದ್ದರೆ ಹುಣ್ಣಿಮೆಗೆ ನಾಲ್ಕೈದು ದಿನ ಮುಂಚೆ ಕೀಳುತ್ತಿದ್ದರು. ದಪ್ಪಗೆ ಉಬ್ಬಿದ್ದರೆ ಹುಣ್ಣಿಮೆ ಕಳೆದ ಮೇಲೆ. ಐದು ಎಸಳಿನದ್ದು ಬೇಗ ಅರಳುತ್ತದೆ. ಹನ್ನೆರಡು ಎಸಳಿನಂಥ ಜಾಸ್ತಿ ಎಸಳಿನ ಜಾತಿ ನಿಧಾನ, ಅದಕ್ಕೆ ಇನ್ನೂ ಕೆಲವು ದಿನ ಮೊದಲೇ. ಕೀಳುವ ಎರಡು ಮೂರು ದಿನ ಮೊದಲು ನೀರು ನಿಲ್ಲಿಸುತ್ತಾರೆ, ಕಿತ್ತ ಮರುದಿನ ಮತ್ತೆ ಶುರು ಮಾಡುತ್ತಾರೆ.

ಆಮೇಲೆ ಕಾಯುವುದು. ಟೆಟ್‌ಗೆ ಒಂದು ವಾರ ಇರುವಾಗ, ಅವರ ಕೊನೆಯ ತಿಂಗಳ 23ಕ್ಕೆ, ಒಲೆಯ ದೇವರನ್ನು ಸ್ವರ್ಗಕ್ಕೆ ಕಳಿಸಿಕೊಡುವ ಪೂಜೆ. ಮನೆಯಲ್ಲಿ ವರ್ಷವಿಡೀ ಏನು ನಡೆಯಿತು ಅಂತ ಅವನು ಮೇಲೆ ಹೋಗಿ ವರದಿ ಕೊಡುತ್ತಾನಂತೆ. (ನಮ್ಮ ಅಡುಗೆಮನೆಗಳಿಗೆ ಇಂಥ ದೇವರು ಇಲ್ಲದ್ದು ಪುಣ್ಯ.) ಅವತ್ತು ಮೊಗ್ಗಿನ ಹೊರ ಸಿಪ್ಪೆ ಒಡೆದು ಒಳಗಿನ ಹಸಿರು ಗೊಂಚಲು ಕಂಡರೆ ಲೆಕ್ಕ ಸರಿ, ಹೊಸ ವರ್ಷದ ದಿನ ಹೂ ಗ್ಯಾರಂಟಿ. 2027ರಲ್ಲಿ ಆ ದಿನ ಜನವರಿ 30. ಒಡೆದಿಲ್ಲದಿದ್ದರೆ ಚಟ್ಟಿಯನ್ನು ಪೂರ್ತಿ ಬಿಸಿಲಿಗೆ ಇಟ್ಟು ಉಗುರುಬೆಚ್ಚಗಿನ ನೀರು ಕೊಡುತ್ತಾರೆ. ಮುಂದೆ ಓಡಿದ್ದರೆ ನೆರಳಿಗೆ ಸರಿಸಿ ತಣ್ಣೀರು. ಟೆಟ್‌ನ ಮೊದಲ ದಿನ ಹೂ ಅರಳಿದರೆ ವರ್ಷ ಚೆನ್ನಾಗಿರುತ್ತದೆ ಅಂತ ನಂಬಿಕೆ, ಅದಕ್ಕೇ ಇಷ್ಟು ತಲೆಬಿಸಿ. ಮಾರುವವರಿಗಂತೂ ದುಡ್ಡಿನ ಪ್ರಶ್ನೆ. ಹಬ್ಬದ ಹಿಂದಿನ ಮಧ್ಯಾಹ್ನ ಮಾರಾಟವಾಗದೆ ಉಳಿದ ಚಟ್ಟಿಗಳನ್ನು ಕೆಲವರು ಸಿಟ್ಟಿನಲ್ಲಿ ಅಲ್ಲೇ ಒಡೆದು ಹೋಗುತ್ತಾರೆ.

ಹೂ ಮುಗಿದ ಮೇಲಿನ ಕೆಲಸವೇ ನಿಜವಾದ ಸಾಕಾಣಿಕೆ. ಪೇಟೆಯವರಿಗೆ ಅದು ಆಗುವುದಿಲ್ಲ. ಹೋ ಚಿ ಮಿನ್ ನಗರದ ಥು ಡುಕ್ ಕಡೆ ಮಾಯ್ ತೋಟಗಳಿವೆ. ಟೆಟ್ ಮುಗಿದ ಮೇಲೆ ಜನ ಗಿಡವನ್ನು ಅಲ್ಲಿ ಬಿಡುತ್ತಾರೆ, ವರ್ಷದ ಆರೈಕೆಗೆ ದುಡ್ಡು ಕೊಡುತ್ತಾರೆ, ಮುಂದಿನ ಟೆಟ್‌ಗೆ ಲಾರಿಯಲ್ಲಿ ವಾಪಸ್ ಬರುತ್ತದೆ. ಮನೆಯಲ್ಲೇ ಸಾಕುವವರು ಮೊದಲು ಒಣಗಿದ ಹೂ, ಎಳೆ ಕಾಯಿ ಎಲ್ಲ ತೆಗೆಯುತ್ತಾರೆ. ಕಾಯಿ ಬಿಟ್ಟರೆ ಗಿಡ ಸೊರಗುತ್ತದೆ. ಉದ್ದ ಹೋದ ಗೆಲ್ಲುಗಳ ಮೂರನೇ ಒಂದು ಭಾಗ ಕತ್ತರಿಸುತ್ತಾರೆ. ಕೆಳಗೆ ಅಗಲ, ಮೇಲೆ ಚೂಪು ಬರುವ ಹಾಗೆ. ಚಟ್ಟಿಯ ಮಣ್ಣು ಬದಲಿಸುತ್ತಾರೆ. ಅವರದ್ದು ತೆಂಗಿನ ನಾರಿನ ಹುಡಿ, ಭತ್ತದ ಹೊಟ್ಟಿನ ಬೂದಿ, ಗೊಬ್ಬರ. ನಾರಿನ ಹುಡಿ ನಮ್ಮಲ್ಲಿ ಬೇಕಾದಷ್ಟು ಇದೆ, ಒಳ್ಳೆ ತೊಳೆದು ಹಾಕಿ. ಜತೆಗೆ ಸುಡುಮಣ್ಣು. ನಮ್ಮ ಕೆಂಪು ಮಣ್ಣಿನ ಹುಳಿ ಇದಕ್ಕೆ ಒಗ್ಗುತ್ತದೆ.

ಯೂರಿಯಾ ಕೊಡುವುದಿದ್ದರೆ ಮಾರ್ಚಿನಿಂದ ಮೇ ತನಕ, ಹೊಸ ಗೆಲ್ಲು ಬರುವಾಗ ಮಾತ್ರ. ಅದೂ ಚೂರು. ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಹೊತ್ತಿಗೆ ಎಲೆಯ ಬುಡದಲ್ಲಿ ಹೂಮೊಗ್ಗು ಕೂರಲು ಶುರು. ಆಗ ಎಲುಬಿನ ಹುಡಿ ಅಥವಾ ರಾಕ್ ಫಾಸ್ಫೇಟ್. ಅದರ ಮುಂದಿನ ತಿಂಗಳು ಸೋಣ ಕಳೆದ ಮೇಲೆ ಯೂರಿಯಾ ಮುಟ್ಟಲೇಬೇಡಿ.

ಈಗ ಮಳೆಯ ಕತೆ. ನಮ್ಮ ಜೂನ್, ಜುಲೈ ಇದಕ್ಕೆ ಕಷ್ಟಕಾಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಚಟ್ಟಿಯ ಅಡಿಗೆ ಕೆಂಪುಕಲ್ಲು ಕೊಟ್ಟು ಎತ್ತರಿಸಿ. ಕವಲಿನ ಸಂದಿಯಲ್ಲಿ ಬಿಳಿ, ಆಮೇಲೆ ಗುಲಾಬಿ ಬಣ್ಣದ ಪೊರೆ ಕಂಡರೆ ಅದು ಪಿಂಕ್ ರೋಗ. ರಬ್ಬರಿನವರಿಗೆ ಗೊತ್ತಿರುವುದೇ. ಒಣಗಿದ ಗೆಲ್ಲು ಕತ್ತರಿಸಿ ಬೋರ್ಡೋ ಮುಲಾಮು ಹಚ್ಚಿ, ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರ್ ಲೆಕ್ಕದಲ್ಲಿ. ಒಂದು ಗಿಡಕ್ಕೆ ಅಷ್ಟು ಬೇಡ, ಅಡಿಕೆಗೆ ಮದ್ದು ಬಿಡುವ ದಿನ ಸ್ವಲ್ಪ ಗಟ್ಟಿ ಕಲಸಿ ಅವತ್ತೇ ಹಚ್ಚಿದರಾಯಿತು. ಬೇಸಗೆಯಲ್ಲಿ ಎಳೆ ಚಿಗುರು ಮುದುಡಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಬಲಿತ ಎಲೆ ಧೂಳು ಹಿಡಿದ ಹಾಗೆ ಕಂದಿದರೆ ಕೆಂಪು ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಬಿಡಿ, ಸಂಜೆ ಬೇವಿನೆಣ್ಣೆ ಮತ್ತು ಸೋಪಿನ ನೀರು. ಥ್ರಿಪ್ಸ್ ಬಿಡುವ ಪೈಕಿ ಅಲ್ಲ, ವಾರ ಬಿಟ್ಟು ಮತ್ತೆ ಹೊಡೆಯಬೇಕು.

ಬೀಜ ತರಬೇಡಿ. ಹೊರದೇಶದಿಂದ ಗಿಡ, ನೆಡುವ ಬೀಜ ತರಲು ಆಮದು ಪರವಾನಗಿ, ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಅಂತ ಇದೆ. ಬ್ಯಾಗಿನಲ್ಲಿ ಹಾಕಿ ತಂದರೆ ವಿಮಾನ ನಿಲ್ದಾಣದಲ್ಲಿ ಹುಡುಗನಿಗೆ ಸುಮ್ನೆ ತೊಂದರೆ. ರೋಗ ಬಂದರೆ ನಮಗೆಲ್ಲ ತೊಂದರೆ. ಅದೂ ಅಲ್ಲದೆ ಇದರ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ.

ಬಾಯಾರಿನ ಸುರಂಗ:

ಅಣ್ಣನ ಮಾಹಿತಿ ಚೆನ್ನಾಗಿದೆ. ಆದರೆ ಎಲೆ ಕೀಳುವ ಮಾತು ನನಗೆ ಒಪ್ಪಿಗೆಯಿಲ್ಲ. ಇದರ ಒಂದು ಬಂಧು, ಓಕ್ನಾ ಒಬ್ಟುಸಾಟಾ, ದಕ್ಷಿಣ ಭಾರತದ ಕಾಡುಗಳಲ್ಲೇ ಇದೆ. ಅದಕ್ಕೆ ಯಾರು ಎಲೆ ಕೀಳುತ್ತಾರೆ? ಬೇಸಗೆಯಲ್ಲಿ ತಾನೇ ಉದುರಿಸಿ ತಾನೇ ಹೂ ಬಿಡುತ್ತದೆ. ಅಕ್ಕನಿಗೆ ಟೆಟ್ ಆಚರಿಸಲಿಕ್ಕಿಲ್ಲ ತಾನೇ? ನೀರು ನಿಲ್ಲಿಸಿದರೆ ಸಾಕು, ಫೆಬ್ರವರಿಯೋ ಮಾರ್ಚೋ, ಅದಕ್ಕೆ ಬೇಕಾದಾಗ ಅರಳಲಿ.

ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರಿದ್ದರೆ ಅದನ್ನೇ ಕೊಡಿ. ಕೆಲವು ಬೋರ್‌ವೆಲ್ ನೀರು ಗಡಸು, ಚಟ್ಟಿಯ ಅಂಚಿನಲ್ಲಿ ಬಿಳಿ ಉಪ್ಪು ಕೂರುತ್ತದೆ. ಹುಳಿ ಮಣ್ಣಿನ ಗಿಡಗಳಿಗೆ ಅದು ಆಗುವುದಿಲ್ಲ.

ಮುಳ್ಳೇರಿಯದ ಗೇರುಬೀಜ:

ತಾರೀಕು ಮುಖ್ಯ ಅಲ್ಲದಿದ್ದರೆ ನೀವು ಹೇಳಿದ್ದೇ ಸರಿ. ಆದರೆ ಅಕ್ಕ ಕೇಳಿದ್ದು ವಿಡಿಯೋದಲ್ಲಿ ನೋಡಿದ ಹಾಗೆ ಒಟ್ಟಿಗೆ ಅರಳುವ ಬಗ್ಗೆ. ತಾನಾಗಿ ಉದುರಿಸುವಾಗ ಒಂದು ಗೆಲ್ಲು ಇವತ್ತು ಬರಿದಾದರೆ ಇನ್ನೊಂದು ಹದಿನೈದು ದಿನಕ್ಕೆ. ಹೂವೂ ಹಾಗೇ ಚದುರುತ್ತದೆ. ಹೂವಿನ ಆಯುಷ್ಯ ಮೂರು ನಾಲ್ಕು ದಿನ ಅಷ್ಟೇ. ಕಿತ್ತರೆ ಗಿಡ ಇಡೀ ಒಂದೇ ಸಲ ಏಳುತ್ತದೆ. ನೀರಿನ ಮಾತು ಒಪ್ಪಿದೆ. ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲೂ ಬೇಸಗೆಯಲ್ಲಿ ಉಪ್ಪುನೀರು ಮೇಲೆ ಬಂದು ಹೂವಿನ ಬೆಳೆಗಾರರಿಗೆ ತೊಂದರೆಯಾಗುತ್ತದೆ.

ನೀರ್ಚಾಲಿನ ಅಕ್ಕ:

ಎಲ್ಲರಿಗೂ ಧನ್ಯವಾದ. ಫೋಟೋ ಹಾಕಿದ್ದೇನೆ. ಎಲೆ ತೆಳು, ಚಿಗುರು ಕೆಂಪು. ಎಲೆಯ ಬುಡದಲ್ಲಿ ಮೊಗ್ಗಿನ ಹಾಗೆ ಏನೋ ಇದೆ, ಕೆಲವು ಗುಂಡಗೆ, ಕೆಲವು ಸೂಜಿಯ ಹಾಗೆ. ಗಿಡವನ್ನು ಈಗಲೇ ಕಿತ್ತು ಚಟ್ಟಿಗೆ ಹಾಕಲಾ? ಎಲೆ ಕೀಳುವಾಗ ತುದಿಯ ಚಿಗುರು ಬಿಡಬೇಕಾ, ಅದನ್ನೂ ಕೀಳಬೇಕಾ?

ಮುಳ್ಳೇರಿಯದ ಗೇರುಬೀಜ:

ಫೋಟೋ ನೋಡಿದೆ. ಹಬ್ಬದ ಮಾಯ್‌ನ ಹಾಗೇ ಕಾಣುತ್ತದೆ. ಗುಂಡಗಿನದ್ದು ಹೂಮೊಗ್ಗು, ಸೂಜಿಯಂಥದ್ದು ಎಲೆಯದ್ದು. ಈಗ ಕೀಳಬೇಡಿ, ಬೇರು ಕಡಿದರೆ ಇದ್ದ ಮೊಗ್ಗೂ ಉದುರುತ್ತದೆ. ಆ ಸ್ಪ್ರಿಂಕ್ಲರಿನ ಬಾಯಿ ಮುಚ್ಚಿ ಅಥವಾ ತಿರುಗಿಸಿ. ಗಿಡದ ಮೇಲೆ ಬೀಳುವ ಸೋಗೆಯ ನೆರಳು ಆದಷ್ಟು ತೆಗೆಯಿರಿ. ಈ ವರ್ಷ ಅಲ್ಲೇ ಹೂ ಬಿಡಲಿ. ಹೂ ಮುಗಿದು ಗೆಲ್ಲು ಕತ್ತರಿಸಿದ ಮೇಲೆ, ಬುಡದ ಮಣ್ಣಿನ ಗಟ್ಟಿ ಒಡೆಯದ ಹಾಗೆ ಎತ್ತಿ ಅಂಗಳದ ಬಿಸಿಲಿಗೆ ತನ್ನಿ. ಆಮೇಲೆ ಆ ಜಾಗದಲ್ಲಿ ಭಾವನವರು ಒಳ್ಳೆಮೆಣಸು ಇಡಲಿ, ಇಬ್ಬರಿಗೂ ಆಯಿತು.

ತುದಿಯ ಚಿಗುರನ್ನೂ ತೆಗೆಯಬೇಕು. ಬಿಟ್ಟರೆ ಗಿಡದ ಶಕ್ತಿ ಅಲ್ಲಿಗೆ ಹೋಗಿ ಕೆಳಗಿನ ಹೂ ಹಿಂದೆ ಬೀಳುತ್ತದೆ. ಎಡಗೈಯಲ್ಲಿ ಗೆಲ್ಲು ಹಿಡಿದು, ಬಲಗೈಯಲ್ಲಿ ಒಂದೊಂದೇ ಎಲೆಯನ್ನು ಹಿಂದಕ್ಕೆ ಮಡಚಿ ಕೀಳಿ. ಗೆಲ್ಲಿನುದ್ದಕ್ಕೆ ಕೈ ಎಳೆದು ಒಟ್ಟಿಗೆ ಸುಲಿದರೆ ಮೊಗ್ಗು, ತೊಗಟೆ ಎಲ್ಲ ಕೈಗೆ ಬರುತ್ತದೆ. ಕೆಲಸಕ್ಕೆ ಬರುವವರ ಕೈಗೆ ಕೊಡಬೇಡಿ, ನೀವೇ ಕೂತು ಮಾಡಿ. ಎದೆ ಎತ್ತರದ ಗಿಡಕ್ಕೆ ಒಂದು ಬೆಳಗ್ಗೆ ಸಾಕು. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದು ಮೊಗ್ಗು ಮೊದಲೇ ಉಬ್ಬಿದರೆ ಇಲ್ಲಿ ಫೋಟೋ ಹಾಕಿ, ದಿನ ಬದಲಿಸಬೇಕಾದೀತು.