ಬಾವುಟ ಮೇಲೆ ಹೋಗಿ ಬಿಚ್ಚಿಕೊಳ್ಳದಿದ್ದರೆ? ಕಟ್ಟುವ ಸರಿಯಾದ ಕ್ರಮ ತಿಳಿಸಿ

ಬಡಾವಣೆ ಬಳಗ:
ಎಲ್ಲರಿಗೂ ನಮಸ್ಕಾರ. ಬಡಾವಣೆಯ ಪಾರ್ಕಿನಲ್ಲಿ 20 ಅಡಿಯ ಕಬ್ಬಿಣದ ಕಂಬ ನಿಲ್ಲಿಸಿದ್ದೇವೆ. ಮೇಲೆ ಒಂದು ಗಡಗಡೆ ಇದೆ, ಹಗ್ಗ ಇನ್ನೂ ಹಾಕಿಲ್ಲ. ಎಷ್ಟು ದೊಡ್ಡ ಬಾವುಟ ತರಬೇಕು? ಖಾದಿಯದ್ದೇ ಆಗಬೇಕೇ? ಮಡಿಸಿ ಮೇಲೆ ಕಟ್ಟಿದ ಬಾವುಟ ಎಳೆದಾಗ ಬಿಚ್ಚಿಕೊಳ್ಳದೆ ನಿಲ್ಲುವುದು ಯಾಕೆ? ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಕ್ರಮ ಬೇರೆ ಎನ್ನುತ್ತಾರೆ, ಅದು ನಿಜವೇ? ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ನೂಲಿನೆಳೆ:
ಮೊದಲು ಅಳತೆಯ ವಿಷಯ. ಬಾವುಟದ ಉದ್ದ ಕಂಬದ ಎತ್ತರದ ಕಾಲು ಭಾಗದಷ್ಟಿದ್ದರೆ ಕಣ್ಣಿಗೆ ಒಪ್ಪುತ್ತದೆ. 20 ಅಡಿ ಅಂದರೆ ಸುಮಾರು 6 ಮೀಟರ್. ಹಾಗಾಗಿ 1350×900 ಮಿ.ಮೀ. ಬಾವುಟ ಸಾಕು. 1800×1200 ಕೂಡ ಹಾರಿಸಬಹುದು, ಆದರೆ ಗಾಳಿ ಇಲ್ಲದ ದಿನ ತೀರಾ ಜೋತುಬಿದ್ದಂತೆ ಕಾಣುತ್ತದೆ. ಉದ್ದ ಮತ್ತು ಅಗಲ 3:2 ಅನುಪಾತದಲ್ಲೇ ಇರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾವುಟಗಳು ಇಲ್ಲೇ ಎಡವುತ್ತವೆ, ಆದ್ದರಿಂದ ಟೇಪು ಹಿಡಿದುಕೊಂಡೇ ಹೋಗಿ. 1350×900ರಲ್ಲಿ ಒಂದೊಂದು ಪಟ್ಟಿ 300 ಮಿ.ಮೀ., ಚಕ್ರದ ವ್ಯಾಸ 280. ಅಂದರೆ ಚಕ್ರ ಬಿಳಿ ಪಟ್ಟಿಯನ್ನು ಹೆಚ್ಚುಕಡಿಮೆ ತುಂಬಿಕೊಂಡು, ಮೇಲೆ ಕೆಳಗೆ ಒಂದೊಂದು ಬೆರಳಿಗಿಂತ ಕಡಿಮೆ ಜಾಗ ಉಳಿಯುತ್ತದೆ. ಚಕ್ರ ನಡುವೆ ಸಣ್ಣ ಬೊಟ್ಟಿನಂತೆ ಕಂಡರೆ ಅದು ತಪ್ಪು ಅಳತೆಯ ಬಾವುಟ.

ಬಳಿಕ ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಎರಡೂ ಬದಿಯ ಚಕ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು. ಅಚ್ಚು ಸರಿದಿದ್ದರೆ ಅಂಚು ಎರಡೆರಡಾಗಿ ಕಾಣುತ್ತದೆ. ಕಡ್ಡಿಗಳನ್ನು ಎಣಿಸಿ, 24 ಇರಬೇಕು. ನೀಲಿ ಬಣ್ಣ ಬಿಳಿಗೆ ಹರಡಿದ್ದರೆ ಬೇಡ, ಮಳೆಗೆ ಇನ್ನಷ್ಟು ಹರಡುತ್ತದೆ.

ಖಾದಿಯದ್ದೇ ಆಗಬೇಕೆಂಬ ಕಟ್ಟು ಈಗಿಲ್ಲ. ಧ್ವಜ ಸಂಹಿತೆಗೆ, ಅಂದರೆ ಬಾವುಟ ಬಳಸುವ ಸರ್ಕಾರಿ ನಿಯಮಗಳಿಗೆ, 2021ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಾವುಟಕ್ಕೂ ಯಂತ್ರದಲ್ಲಿ ತಯಾರಾದದ್ದಕ್ಕೂ ಒಪ್ಪಿಗೆ ಇದೆ. ಆದರೂ ವರ್ಷಕ್ಕೆರಡು ಸಲ ಹಾರಿಸುವುದಾದರೆ ಖಾದಿಯನ್ನೇ ತನ್ನಿ ಎನ್ನುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಐಎಸ್‌ಐ ಗುರುತಿನ ಬಾವುಟ ತಯಾರಾಗುತ್ತದೆ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ ಅದು. ನೂಲುವವರಿಂದ ಹಿಡಿದು ಹೊಲಿಯುವವರವರೆಗೆ ಹೆಚ್ಚಿನವರು ಹೆಣ್ಣುಮಕ್ಕಳು. ಬಾವುಟದಲ್ಲಿ ಚರಕ ಈಗ ಇಲ್ಲದಿದ್ದರೂ ಬಟ್ಟೆಯಲ್ಲಿ ಇದೆ. ವರ್ಷವಿಡೀ ಗಾಳಿ ಮಳೆಗೆ ಬಿಡುವುದಾದರೆ ಮಾತ್ರ ಪಾಲಿಯೆಸ್ಟರ್ ಅನುಕೂಲ. ಖಾದಿ ನೆನೆದರೆ ಭಾರವಾಗಿ ಹೊಲಿಗೆಯ ಹತ್ತಿರ ಹರಿಯುತ್ತದೆ.

ಹಗ್ಗ ಗಂಟು:
ಬಿಚ್ಚಿಕೊಳ್ಳದಿರುವುದಕ್ಕೆ ಬರುತ್ತೇನೆ. ಹತ್ತರಲ್ಲಿ ಎಂಟು ಸಲ ತಪ್ಪು ಬಾವುಟದ್ದಲ್ಲ, ಗಂಟಿನದ್ದು.

20 ಅಡಿ ಕಂಬಕ್ಕೆ 45 ಅಡಿ ಹಗ್ಗ ಬೇಕು. ಹೋಗಿಬರಲು 40, ಕಟ್ಟಲು 5. 6 ಮಿ.ಮೀ. ದಪ್ಪದ ಹೆಣೆದ ನೈಲಾನ್ ಹಗ್ಗ ತನ್ನಿ. ಹುರಿ ಹೊಸೆದ ಹಗ್ಗ ಸುರುಳಿ ಸುತ್ತಿಕೊಳ್ಳುತ್ತದೆ. ತೀರಾ ತೆಳ್ಳಗಿನ ಹಗ್ಗ ಗಾಲಿಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿದರೆ ಏಣಿ ಹಾಕದೆ ಬಿಡಿಸಲಾಗದು. ಕಂಬ ಎತ್ತುವ ಮೊದಲೇ ಗಡಗಡೆಗೆ ಎಣ್ಣೆ ಬಿಡಬೇಕಿತ್ತು. ಈಗ ಏಣಿ ಹಾಕಿಯಾದರೂ ಬಿಡಿ.

ಬಾವುಟದ ಅಂಚಿನ ತೋಳಿನೊಳಗೆ ಅದರದೇ ಹಗ್ಗ ಇರುತ್ತದೆ. ಮೇಲ್ತುದಿಯಲ್ಲಿ ಮರದ ಪುಟ್ಟ ಅಡ್ಡತುಂಡು ಇದ್ದರೆ ಅದೇ ಕೇಸರಿಯ ಕಡೆ. ಕಂಬದ ಹಗ್ಗದ ಒಂದು ತುದಿಗೆ ಕುಣಿಕೆ ಹಾಕಿ ಆ ಅಡ್ಡತುಂಡಿಗೆ ಸಿಕ್ಕಿಸಿ. ಇದು ಏರಿಸುವ ಎಳೆ. ಇನ್ನೊಂದು ತುದಿಯನ್ನು ಹಸಿರಿನ ಕಡೆಯ ಹಗ್ಗಕ್ಕೆ ಭದ್ರವಾಗಿ ಕಟ್ಟಿ. ಇದು ಬಿಚ್ಚುವ ಎಳೆ.

ಮಡಿಸುವಾಗ ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಚಿ, ಉದ್ದದ ಪಟ್ಟಿ ಮಾಡಿ, ಹಾರುವ ತುದಿಯಿಂದ ಹಗ್ಗದ ಅಂಚಿನ ಕಡೆಗೆ ಸುತ್ತುತ್ತ ಬನ್ನಿ. ಬಿಚ್ಚುವ ಎಳೆಯನ್ನು ಆ ಸುರುಳಿಗೆ ಎರಡೇ ಸುತ್ತು ಹಾಕಿ. ಸುತ್ತುಗಳು ಪಕ್ಕಪಕ್ಕ ಇರಲಿ, ಒಂದರ ಮೇಲೊಂದು ಬಂದರೆ ಎಳೆದಂತೆ ಒಳಗಿನ ಸುತ್ತು ಬಿಗಿಯುತ್ತದೆ. ಕೊನೆಗೆ ಹಗ್ಗವನ್ನು ಮಡಿಕೆಯಾಗಿ ಸುತ್ತಿನಡಿ ತೂರಿಸಿ ಜೀರುಗುಣಿಕೆ, ಅಂದರೆ ಎಳೆದರೆ ಬಿಚ್ಚಿಕೊಳ್ಳುವ ಗಂಟು, ಮಾಡಿ. ಮಡಿಕೆ ನಾಲ್ಕು ಬೆರಳು ಹೊರಗೆ ಬಂದರೆ ಸಾಕು. ಒಂದೇ ಬೆರಳಾದರೆ ಏರಿಸುವಾಗಲೇ ಜಾರುತ್ತದೆ.

ಸುರುಳಿ ಮೇಲೆ ಮುಟ್ಟಿದ ಮೇಲೆ ಏರಿಸುವ ಎಳೆಯನ್ನು ಕಂಬದ ಕೊಕ್ಕೆಗೆ ಬಿಗಿಯಾಗಿ ಸುತ್ತಲೇಬೇಕು. ಮರೆತರೆ, ಅತಿಥಿಗಳು ಎಳೆದಾಗ ಗಂಟು ಬಿಚ್ಚುವ ಬದಲು ಸುರುಳಿಯೇ ಕೆಳಗಿಳಿಯುತ್ತದೆ. ಅವರು ಗಾಬರಿಯಲ್ಲಿ ಇನ್ನೊಂದು ಎಳೆಯನ್ನು ಎಳೆದರೆ ಸುರುಳಿ ಗಡಗಡೆಗೆ ಒತ್ತಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಬಿಚ್ಚುವ ಎಳೆಯನ್ನು ಒಬ್ಬರು ಮುಂಚೆಯೇ ಕೈಯಲ್ಲಿ ಹಿಡಿದು ನಿಂತು, ಅತಿಥಿಗಳಿಗೆ ಅದೊಂದನ್ನೇ ಕೊಡಿ. ಹಿಂದಿನ ರಾತ್ರಿಯೇ ಕಟ್ಟಿಡಬೇಡಿ. ಇಬ್ಬನಿಗೆ ಬಟ್ಟೆ ನೆನೆದು ಉಬ್ಬಿ ಗಂಟು ಬಿಗಿಯಾಗುತ್ತದೆ. ಬೆಳಿಗ್ಗೆ ಅದೇ ಅಳತೆಯ ಬೇರೆ ಬಟ್ಟೆ ಕಟ್ಟಿ ಮೂರು ಸಲ ಬಿಚ್ಚಿ ನೋಡಿ, ಆಮೇಲೆ ಬಾವುಟ ಕಟ್ಟಿ.

ಶಿವಪುರದ ಹಾದಿ:
ದಿನಗಳ ವಿಷಯ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಪ್ರಧಾನಿ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾರೆ, ಅದು ಧ್ವಜಾರೋಹಣ. ಜನವರಿ 26ರಂದು ಮೇಲೆ ಮೊದಲೇ ಕಟ್ಟಿರುವ ಬಾವುಟವನ್ನು ರಾಷ್ಟ್ರಪತಿಗಳು ಬಿಚ್ಚುತ್ತಾರೆ. 1947ರಲ್ಲಿ ಏರಿದ ಬಾವುಟ 1950ರ ಹೊತ್ತಿಗೆ ಮೇಲೆಯೇ ಇತ್ತು ಎಂಬುದು ಇದಕ್ಕೆ ಕೊಡುವ ಅರ್ಥ. ಆಗಸ್ಟ್ 15ಕ್ಕೆ ನೀವೂ ಕೆಳಗಿನಿಂದಲೇ ಏರಿಸಿ, ಗಂಟಿನ ತಾಪತ್ರಯವೇ ಇರದು. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಬಡಾವಣೆಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರಿಗೆ ಮದ್ದೂರಿನ ಪಕ್ಕದ ಶಿವಪುರದ ಬಗ್ಗೆ ಹೇಳಿ. 1938ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ನಿಷೇಧಾಜ್ಞೆ ಮೀರಿ ಅಲ್ಲಿ ಬಾವುಟ ಏರಿಸಿದರು. ಆಗ ಅದರ ನಡುವೆ ಚರಕವಿತ್ತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಈ ಬಟ್ಟೆಯನ್ನು ಕಂಬಕ್ಕೆ ಏರಿಸುವುದೇ ಅಪರಾಧವಾಗಿದ್ದ ಕಾಲ ನಮ್ಮ ಊರುಗಳಲ್ಲೇ ಇತ್ತು. ನನಗೆ ಬಾವುಟದ ಅರ್ಥ ಬಣ್ಣಗಳ ವಿವರಣೆಗಿಂತ ಹೆಚ್ಚಾಗಿ ಅಲ್ಲಿದೆ.

ಚರಕ ಹೋಗಿ ಚಕ್ರ ಬಂದದ್ದು 1947ರ ಜುಲೈ 22ರಂದು, ಸಂವಿಧಾನ ಸಭೆಯಲ್ಲಿ. ಚರಕದ ಚಿತ್ರ ಹಿಂಬದಿಯಿಂದ ತಿರುಗುಮುರುಗಾಗಿ ಕಾಣುತ್ತದೆ, ಎರಡೂ ಕಡೆಯಿಂದ ಒಂದೇ ತೆರನಾಗಿ ಕಾಣುವ ಗುರುತು ಬೇಕು ಎಂಬುದು ನೆಹರೂ ಅಲ್ಲಿ ಕೊಟ್ಟ ಕಾರಣಗಳಲ್ಲೊಂದು. ನೂಲಿನೆಳೆ ಅವರು ಬಿಸಿಲಿಗೆ ಹಿಡಿದು ನೋಡಿ ಎಂದದ್ದಕ್ಕೂ ಇದಕ್ಕೂ ನಂಟಿದೆ.

ಬಡಾವಣೆ ಬಳಗ:
ತುಂಬಾ ಉಪಕಾರವಾಯಿತು. ಇನ್ನೆರಡು ಮಾತು: ಒಳಗೆ ಹೂ ಇಡಬಹುದೇ? ಹಳೆಯ ಬಾವುಟ ಏನು ಮಾಡಬೇಕು?

ಹಗ್ಗ ಗಂಟು:
ಬಿಚ್ಚುವ ಮೊದಲು ಹೂವಿನ ಎಸಳು ಇಡಲು ಧ್ವಜ ಸಂಹಿತೆಯಲ್ಲೇ ಅವಕಾಶವಿದೆ. ಒಂದು ಹಿಡಿ ಸಾಕು, ಹೆಚ್ಚಾದರೆ ಸುರುಳಿ ಉಬ್ಬಿ ಗಂಟು ಬಿಗಿಯುತ್ತದೆ. ಒದ್ದೆ ಎಸಳು ಬೇಡ, ಬಿಳಿಯ ಮೇಲೆ ಕಲೆ ಹೋಗದು. ಇಡೀ ಹೂವೂ ಬೇಡ, ತೊಟ್ಟೂ ಬೇಡ. ಕಂಬದ ತುದಿಗೆ ಹಾರ ಹಾಕಬಾರದು.

ನೂಲಿನೆಳೆ:
ಹರಿದ, ಮಾಸಿದ ಬಾವುಟ ಹಾರಿಸುವಂತಿಲ್ಲ. ಕಸಕ್ಕೆ ಹಾಕುವುದು, ಒರೆಸುವ ಬಟ್ಟೆ ಮಾಡುವುದು ಕೂಡದು. ಇಡಿಯಾಗಿ, ಖಾಸಗಿಯಾಗಿ, ಗೌರವದಿಂದ ಸುಡುವುದು ಸಂಹಿತೆ ಹೇಳುವ ಮೊದಲ ದಾರಿ. ಖಾದಿ ಬೇಗ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಉರಿಯುತ್ತ ತೊಟ್ಟಿಕ್ಕುತ್ತದೆ, ಹೊಗೆಯೂ ಕೆಟ್ಟದ್ದು. ಅದಕ್ಕೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಹೂಳುವುದು ಮೇಲು. ಮಕ್ಕಳು ಹಿಡಿದ ಕಾಗದದ ಬಾವುಟಗಳನ್ನೂ ನೆಲದಲ್ಲಿ ಬಿಡುವಂತಿಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ಇಬ್ಬರು ಒಂದು ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಲ್ಲಲಿ.