ಮನೇಲಿ ಡೇಕೇರ್: ಸ್ಟೇಟ್ ಲೈಸೆನ್ಸ್ ಸಾಕಾ, ಸಿಟಿನೂ ಕೇಳ್ಬೇಕಾ?

ಫ್ರೀಮಾಂಟ್ ಹೊಸಬಳು:
ನಮಸ್ಕಾರ ಎಲ್ರಿಗೂ. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಎಚ್4 ಇಎಡಿ (ಗಂಡನ ವೀಸಾ ಮೇಲೆ ಬಂದೋರಿಗೆ ಕೊಡೋ ಕೆಲಸದ ಪರ್ಮಿಟ್ಟು) ಬಂದಿದೆ. ಬಾಡಿಗೆ ಟೌನ್‌ಹೌಸ್, ಎಚ್‌ಒಎ (ಮನೆ ಮಾಲೀಕರ ಸಂಘ) ಬೇರೆ ಇದೆ. ಮನೇಲೇ ಆರು ಮಕ್ಕಳ ಡೇಕೇರ್ ಶುರು ಮಾಡೋಣ ಅಂತಿದೀನಿ. ಸ್ಟೇಟ್ ಲೈಸೆನ್ಸ್ ಒಂದಿದ್ರೆ ಸಾಕಾ, ಸಿಟಿ ಬಿಸಿನೆಸ್ ಲೈಸೆನ್ಸು, ಝೋನಿಂಗ್ ಪರ್ಮಿಟ್ಟೂ (ಈ ಜಾಗದಲ್ಲಿ ಈ ಕೆಲಸ ಮಾಡಬಹುದು ಅನ್ನೋ ಒಪ್ಪಿಗೆ) ಬೇಕಾ? ಓನರ್ ಬೇಡ ಅಂದ್ರೆ? ಮಾಡಿರೋರು ಹೇಳಿ ಪ್ಲೀಸ್.

ವರ್ಜಿನಿಯಾ ಅಕ್ಕ:
ಈ ಸ್ಟೇಟು-ಕೌಂಟಿ ಮಾತು ಎತ್ತಿದ್ರೇ ನಂಗೆ ಮೈಯೆಲ್ಲ ಉರಿಯತ್ತೆ. ನಮ್ಮಲ್ಲಿ ಹೊರಗಿನ ಮಕ್ಕಳು ನಾಲ್ಕು ದಾಟಿದ್ರೆ ಸ್ಟೇಟ್ ಲೈಸೆನ್ಸ್, 12ರ ತನಕ ಕೊಡ್ತಾರೆ. 12 ಅಂದ್ರಲ್ಲ ಅಂತ ಬೇಸ್‌ಮೆಂಟ್ ಪೂರ್ತಿ ಮಾಡಿಸಿದ್ವಿ, ಎಗ್ರೆಸ್ ಕಿಟಕಿ (ಬೆಂಕಿ ಬಿದ್ರೆ ಹೊರಗೆ ತಪ್ಪಿಸ್ಕೊಳ್ಳೋಕೆ) ಒಂದಕ್ಕೇ ಆರು ಸಾವಿರ ಡಾಲರ್ ಚಿಲ್ಲರೆ, ಮಕ್ಕಳ ಎತ್ತರದ ಸಿಂಕು, ಮೆಟ್ಟಿಲಿಗೆ ಎರಡೂ ಕಡೆ ಗೇಟು, ಕಾರ್ಪೆಟ್ ಕಿತ್ತು ವಿನೈಲು, ಎಲ್ಲ ಮುಗಿದ್ಮೇಲೆ ಕೌಂಟಿ ಝೋನಿಂಗ್‌ನೋರು ಅಂತಾರೆ, "ಅದು ಅವರ ಲೆಕ್ಕ, ನಮ್ಮ ಲೆಕ್ಕದಲ್ಲಿ ಏಳೇ ಮಕ್ಕಳು, ಜಾಸ್ತಿ ಬೇಕಿದ್ರೆ ಸ್ಪೆಷಲ್ ಪರ್ಮಿಟ್‌ಗೆ ಹಾಕಿ ಹಿಯರಿಂಗ್‌ಗೆ ಬನ್ನಿ." ಹಿಯರಿಂಗ್‌ಗೆ ಪಕ್ಕದ ಮನೆಯವನು ನಮ್ಮ ಡ್ರೈವ್‌ವೇ ಫೋಟೋಗಳನ್ನ ಪ್ರಿಂಟ್ ಹಾಕಿಸ್ಕೊಂಡು ಬಂದಿದ್ದ, ಒಂದೊಂದರ ಕೆಳಗೂ ಟೈಮು ಬರೆದು. ಟ್ರಾಫಿಕ್ ಅಂತೆ! ಅದ್ರಲ್ಲಿ ಎರಡು ಫೋಟೋಲಿ ಇದ್ದಿದ್ದು ನಮ್ಮ ನಾದಿನಿ ಕಾರು.

ಸ್ಯಾನ್ ಹೊಸೆ ಆಂಟಿ:
ವರ್ಜಿನಿಯಾ ಕಥೆ ಹೇಳಿ ಹುಡುಗೀನ ಯಾಕ್ರೀ ಹೆದರಿಸ್ತೀರ? ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 234 ಅನ್ನೋ ಸ್ಟೇಟ್ ಕಾನೂನು ಬಂದಿದೆ, ಆಗಿನ ಸ್ಟೇಟ್ ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ತಂದಿದ್ದು, 2020 ಜನವರಿ 1ರಿಂದ ಜಾರಿ. ಸ್ಮಾಲ್ (ಎಂಟು ಮಕ್ಕಳ ತನಕ) ಆಗ್ಲಿ ಲಾರ್ಜ್ (14ರ ತನಕ) ಆಗ್ಲಿ, ಸಿಟಿ ಝೋನಿಂಗ್ ಪರ್ಮಿಟ್ಟೂ ಕೇಳೋ ಹಾಗಿಲ್ಲ, ಬಿಸಿನೆಸ್ ಲೈಸೆನ್ಸೂ ಕೇಳೋ ಹಾಗಿಲ್ಲ, ಅದಕ್ಕೆ ಫೀಸೂ ಇಲ್ಲ. ನಾನು ಲಾರ್ಜ್‌ಗೆ ಹೋಗಿದ್ದು 2018ರಲ್ಲಿ. ಆಗ ಲಾರ್ಜ್‌ಗೆ ಪಾರ್ಕಿಂಗು, ಗಲಾಟೆ, ಇನ್ನೊಂದು ಡೇಕೇರ್‌ಗೆ ಎಷ್ಟು ದೂರ ಅಂತೆಲ್ಲ ಸಿಟಿ ಕಂಡೀಶನ್ ಹಾಕಬಹುದಿತ್ತು, ಹಾಕಿದ್ರು ಕೂಡ, ಫೀಸೂ ಕಿತ್ತರು. ಈಗಿನೋರು ಸಿಟಿಗೆ ಒಂದು ಪೈಸೆ ಕೊಡದೆ ಶುರು ಮಾಡಿ ನನಗಿಂತ ಕಮ್ಮಿ ರೇಟ್ ಇಡ್ತಾರೆ. ಬೆಂಕಿ ವಿಷಯ ಮಾತ್ರ ತಪ್ಪಿಸೋಕಾಗಲ್ಲ, ಲಾರ್ಜ್ ಅಂದ್ರೆ ಫೈರ್ ಕ್ಲಿಯರೆನ್ಸ್ ಬೇಕೇ ಬೇಕು, ನಿಯಮ ಸ್ಟೇಟ್ ಫೈರ್ ಮಾರ್ಷಲ್‌ದು, ನೋಡೋಕೆ ಬರೋನು ಲೋಕಲ್ಲು.

ಡಬ್ಲಿನ್ ಬಾಡಿಗೆದಾರಳು:
ಆಂಟಿಗೆ ಸ್ವಂತ ಮನೆ, ಅವರಿಗೇನು. ನಾನೂ ಕ್ಯಾಲಿಫೋರ್ನಿಯಾದೋಳೇ, ಬಾಡಿಗೆಯವರ ಪಾಡು ನಾನು ಹೇಳ್ತೀನಿ. ಓನರ್‌ಗೆ 30 ದಿನ ಮುಂಚೆ ಬರೆದು ಕೊಡ್ಬೇಕು ಅಷ್ಟೇ, ಆರು ಮಕ್ಕಳಿಗೆ ಅವನು ಬೇಡ ಅನ್ನೋ ಹಾಗಿಲ್ಲ. ಆರರಿಂದ ಎಂಟಕ್ಕೆ ಹೋಗ್ಬೇಕಾದ್ರೆ ಅವನ ಸಹಿ ಬೇಕು, ನಮ್ಮೋನು ಹಾಕ್ಲಿಲ್ಲ. ಡಿಪಾಸಿಟ್ ಏರಿಸ್ದ. ಎಚ್‌ಒಎನೋರು ನಿಮ್ಮ ಇನ್ಶೂರೆನ್ಸ್‌ನಲ್ಲಿ ನಮ್ಮ ಹೆಸರೂ ಸೇರಿಸಿ ಅಂದ್ರು, ಅದರ ಎಕ್ಸ್‌ಟ್ರಾ ದುಡ್ಡು ಸದ್ಯ ಅವರೇ ಕೊಟ್ರು. ಇದಕ್ಕಿಂತ ದೊಡ್ಡ ತಲೆನೋವು ನಮ್ಮತ್ತೆ ಮಾವ. ಆರು ತಿಂಗಳಿಗೆ ಅಂತ ಬಂದ್ರು, ಮನೇಲಿರೋ 18 ದಾಟಿದೋರಿಗೆಲ್ಲ ಲೈವ್ ಸ್ಕ್ಯಾನ್ (ಬೆರಳಚ್ಚು ತಗೊಂಡು ಹಿನ್ನೆಲೆ ನೋಡೋದು) ಆಗ್ಬೇಕು. ಮಾವ ಹೊಲ ಗೇದ ಕೈ, ಬೆರಳಿನ ಗೆರೆಯೆಲ್ಲ ಸವೆದಿದೆ, ಸ್ಕ್ಯಾನ್ ಮೇಲೆ ಸ್ಕ್ಯಾನ್ ರಿಜೆಕ್ಟು, ಅಲ್ಲಿಯವಳು ಲೋಷನ್ ಹಚ್ಚಿ ಒತ್ತಿ ಒತ್ತಿ ನೋಡಿದ್ಲು. "ನಾನೇನು ಕಳ್ಳನಾ" ಅಂತ ಮಾವ ರಾತ್ರಿ ಊಟ ಬಿಟ್ರು. ಇಷ್ಟೆಲ್ಲ ಆಗಿ ಒಂದೂವರೆ ವರ್ಷಕ್ಕೆ ಓನರ್ ಮನೆ ಮಾರ್ತೀನಿ ಅಂದ. ಲೈಸೆನ್ಸ್ ಆ ವಿಳಾಸಕ್ಕೆ ಮಾತ್ರ, ಹೊಸ ಮನೇಗೆ ಮತ್ತೆ ಅರ್ಜಿ.

ಸುಮ್ನೆ ಓದೋಳು:
ಇಷ್ಟೆಲ್ಲ ಯಾಕೆ? ನಾನು ಮೂರು ಮನೆ ಮಕ್ಕಳನ್ನ ನೋಡ್ಕೋತೀನಿ, ಸ್ಟೇಟೂ ಇಲ್ಲ ಸಿಟಿನೂ ಇಲ್ಲ, ಎಲ್ಲ ನಮ್ಮ ಕನ್ನಡದೋರೇ.

ಸ್ಯಾನ್ ಹೊಸೆ ಆಂಟಿ:
ನಿಮ್ಮ ಮಕ್ಕಳ ಜೊತೆ ಇನ್ನೊಂದೇ ಒಂದು ಮನೆಯ ಮಕ್ಕಳಾದ್ರೆ ಲೈಸೆನ್ಸ್ ಬೇಡ. ಮೂರು ಮನೆ ಅಂದ್ರೆ ಅಕ್ರಮ, ಸಿಕ್ಕಿಬಿದ್ರೆ ದಿನದ ಲೆಕ್ಕದಲ್ಲಿ ದಂಡ. ನಿಮ್ಮಂಥೋರಿಂದ್ಲೇ ನಮ್ಮ ಫೀಸ್ ಕೇಳಿ ಜನ ಹುಬ್ಬೇರಿಸೋದು.

ಸುಮ್ನೆ ಓದೋಳು:
ಫೀಸ್ ಕಮ್ಮಿ ಅಂತ ಹೊಟ್ಟೆಕಿಚ್ಚು ಅನ್ನಿ, ಕಾನೂನು ಯಾಕೆ ಮಧ್ಯ ತರ್ತೀರ? ನಿಮ್ಮಲ್ಲಿ 14 ಮಕ್ಕಳಿಗೆ ಇಬ್ರು. ನನ್ನ ಹತ್ರ ನಾಲ್ಕೇ ಮಕ್ಕಳು, ಬಿಸಿ ಅನ್ನ ಕಲಸಿ ತಿನ್ನಿಸ್ತೀನಿ.

ಎಡಿಸನ್ ಅಮ್ಮ:
ನ್ಯೂಜೆರ್ಸಿಲಿ ಐದು ಮಕ್ಕಳ ತನಕ ರಿಜಿಸ್ಟರ್ ಮಾಡ್ಕೊಳ್ಳೋದು ನಮ್ಮಿಷ್ಟ. ಮಾಡ್ಕೊಂಡ್ರೆ ವಸತಿ ಝೋನ್‌ನಲ್ಲಿ ಟೌನ್‌ನೋರು ಬೇಡ ಅನ್ನೋ ಹಾಗಿಲ್ಲ, ಸ್ಟೇಟ್ ಕಾನೂನಲ್ಲೇ ಇದೆ. ನಾನು ಅದಕ್ಕೇ ಮಾಡಿಸ್ಕೊಂಡೆ. ಆದ್ರೆ ಆರು ಗಂಟೆಗೆ ಬರ್ಬೇಕಾದ ಅಪ್ಪಂದಿರು ಆರೂಮುಕ್ಕಾಲಿಗೆ ಬರೋದಕ್ಕೆ ಯಾವ ಸ್ಟೇಟಲ್ಲಿ ಕಾನೂನಿದೆ ಹೇಳಿ?

ವರ್ಜಿನಿಯಾ ಅಕ್ಕ:
ಲೇಟ್ ಫೀಸ್ ಹಾಕಿ. ನಿಮಿಷಕ್ಕೆ ಒಂದು ಡಾಲರ್. ನಮ್ಮೋರು ಅಂತ ನೋಡ್ಬೇಡಿ, ನಮ್ಮೋರೇ ಜಾಸ್ತಿ ಲೇಟು.

ಫ್ರೀಮಾಂಟ್ ಹೊಸಬಳು:
ಥ್ಯಾಂಕ್ಸ್ ಎಲ್ರಿಗೂ. ಡಬ್ಲಿನ್ ಅವರೇ, ಡಿಪಾಸಿಟ್ ಎಷ್ಟು ಏರಿಸಿದ್ರು ನಿಮಗೆ? ನಮ್ಮತ್ತೆ ಮಾರ್ಚಲ್ಲಿ ಬರ್ತಿದಾರೆ, ಅವರು ಬರೋಕೆ ಮುಂಚೆ ಅರ್ಜಿ ಹಾಕೋದಾ, ಹೋದ್ಮೇಲಾ?